ನಿಂತುಹೋದ ಹೆಜ್ಜೆಯ ಸದ್ದು: ಒಂದು ಭಯದ ದೃಶ್ಯದ ಪ್ರಕರಣ ಅಧ್ಯಯನ

ರಾತ್ರಿ. ಉದ್ಯಾನದ ಕಲ್ಲುಗೋಡೆಯ ಪಕ್ಕದ ಕಾಲುದಾರಿ. ಒಬ್ಬ ಹೆಂಗಸು ಮನೆಯ ಕಡೆ ನಡೆಯುತ್ತಿದ್ದಾಳೆ. ಅವಳ ಹಿಂದೆ, ತುಸು ದೂರದಲ್ಲಿ, ಇನ್ನೊಬ್ಬಳು. ರಕ್ತ ಹರಿಯುವುದಿಲ್ಲ, ಭೂತ ಕಾಣಿಸುವುದಿಲ್ಲ, ಯಾರೂ ಯಾರನ್ನೂ ಮುಟ್ಟುವುದಿಲ್ಲ. ಕೊನೆಗೆ ಬರುವುದು ಒಂದು ಸಿಟಿ ಬಸ್ಸು. ಬಾಗಿಲು ತೆರೆಯುತ್ತದೆ, ಮುಂದೆ ನಡೆಯುತ್ತಿದ್ದವಳು ಹತ್ತಿಕೊಂಡು ಹೋಗುತ್ತಾಳೆ. ಇಷ್ಟೇ ನಡೆಯುವ ಈ ದೃಶ್ಯ 1942ರಲ್ಲಿ ತೆರೆಕಂಡ ಅಮೆರಿಕದ ‘ಕ್ಯಾಟ್ ಪೀಪಲ್’ ಎಂಬ ಕಪ್ಪುಬಿಳುಪು ಚಿತ್ರದ್ದು. ಎಂಬತ್ತು ವರ್ಷ ದಾಟಿದ ಮೇಲೂ ಭಯದ ಚಿತ್ರಗಳ ಕುಶಲತೆಯ ಬಗ್ಗೆ ಮಾತಾಡುವವರು ಸುತ್ತಿ ಬಳಸಿ ಇಲ್ಲಿಗೇ ಬರುತ್ತಾರೆ.

ಬಂದವರಲ್ಲಿ ಹೆಚ್ಚಿನವರು ಮಾತಾಡುವುದು ಬಸ್ಸಿನ ಬಗ್ಗೆ. ಬಿಗುವು ಏರುತ್ತಾ ಹೋಗಿ, ಥಟ್ಟನೆ ಜೋರಾದ ಸದ್ದಿನೊಂದಿಗೆ ಏನೋ ನುಗ್ಗಿಬಂದು, ಅದು ನಿರುಪದ್ರವಿ ವಸ್ತುವೆಂದು ಗೊತ್ತಾಗುವ ತಂತ್ರಕ್ಕೆ ಸಿನಿಮಾ ಮಂದಿ ಈ ಚಿತ್ರದ ನಿರ್ಮಾಪಕರ ಹೆಸರಿನಿಂದ ‘ಲ್ಯೂಟನ್ ಬಸ್’ ಎಂದು ಹೆಸರನ್ನೇ ಇಟ್ಟುಬಿಟ್ಟಿದ್ದಾರೆ. ಆಮೇಲಿನ ಸಾವಿರಾರು ಚಿತ್ರಗಳಲ್ಲಿ ಅಲಮಾರಿನಿಂದ ಹಾರಿದ ಬೆಕ್ಕುಗಳು, ಹೆಗಲ ಮೇಲೆ ಹಠಾತ್ತನೆ ಬಿದ್ದ ಗೆಳೆಯರ ಕೈಗಳು ಎಲ್ಲವೂ ಈ ಬಸ್ಸಿನ ಸಂತಾನವೇ. ಆ ಸಂತಾನ ಪಾಠದ ಅರ್ಧವನ್ನು ಮಾತ್ರ ಕಲಿತಿದೆ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಈ ದೃಶ್ಯದಲ್ಲಿ ನಮ್ಮನ್ನು ಹೆದರಿಸುವುದು ಬಸ್ಸಿಗಿಂತ ಮುಂಚೆ ಬರುವ ಒಂದು ಮೌನ. ಅದು ಹೇಗೆ ಕಟ್ಟಿಕೊಂಡಿತು, ಯಾಕೆ ಕೆಲಸ ಮಾಡುತ್ತದೆ, ಎಲ್ಲಿ ಕೆಲಸ ಮಾಡುವುದಿಲ್ಲ ಎಂಬುದನ್ನು ಬಿಡಿಸಿ ನೋಡುವುದಕ್ಕೆ ಈ ಬರಹ.

ಕೈಯಲ್ಲಿ ಏನಿತ್ತು

ಈ ಚಿತ್ರವನ್ನು ಮಾಡಿಸಿದ ಹಾಲಿವುಡ್ಡಿನ ಆರ್‌ಕೆಓ ಸಂಸ್ಥೆ ಆಗ ಹಣದ ಮುಗ್ಗಟ್ಟಿನಲ್ಲಿತ್ತು. 1942ರಲ್ಲಿ ನಿರ್ಮಾಣದ ಹೊಣೆ ಹೊತ್ತ ಚಾರ್ಲ್ಸ್ ಕೊರ್ನರ್, ಕಡಿಮೆ ಖರ್ಚಿನಲ್ಲಿ ಭಯದ ಚಿತ್ರಗಳನ್ನು ಮಾಡಿಸಲು ವ್ಯಾಲ್ ಲ್ಯೂಟನ್ ಎಂಬ ನಿರ್ಮಾಪಕರನ್ನು ಕರೆತಂದರು. ಲ್ಯೂಟನ್ ಅದಕ್ಕೆ ಮುಂಚೆ ಡೇವಿಡ್ ಓ. ಸೆಲ್ಜ್‌ನಿಕ್ ಎಂಬ ಹೆಸರಾಂತ ನಿರ್ಮಾಪಕರ ಬಳಿ ಕಥಾ ವಿಭಾಗ ನೋಡಿಕೊಳ್ಳುತ್ತಿದ್ದವರು. ಷರತ್ತುಗಳು ಬಿಗಿಯಾಗಿದ್ದವು. ಪ್ರತಿ ಚಿತ್ರದ ಖರ್ಚು 1,50,000 ಡಾಲರ್ ಮೀರಬಾರದು, ಅವಧಿ 75 ನಿಮಿಷದೊಳಗಿರಬೇಕು, ಹೆಸರನ್ನು ಸಂಸ್ಥೆಯೇ ಕೊಡುತ್ತದೆ. ಅಂದರೆ ಕಥೆಗೆ ಮುಂಚೆ ಶೀರ್ಷಿಕೆ ಹುಟ್ಟುತ್ತಿತ್ತು. ‘ಕ್ಯಾಟ್ ಪೀಪಲ್’ ಎಂಬ ಎರಡು ಪದ ಕೈಗಿಟ್ಟು ‘ಇದಕ್ಕೊಂದು ಚಿತ್ರ ಮಾಡಿ’ ಎಂದರು. ಅಗ್ಗದ ಹೆಸರು, ಅಗ್ಗದ ಹಣ. ಹಾಗೆಂದು ಲ್ಯೂಟನ್ ಅಗ್ಗದ ಚಿತ್ರ ಮಾಡಲಿಲ್ಲ ಎಂಬುದೇ ಈ ಪ್ರಕರಣದ ಮೊದಲ ಸ್ವಾರಸ್ಯ.

ಅವರು ಜೊತೆಗೂಡಿಸಿಕೊಂಡವರ ಹೆಸರು ಹೇಳಲೇಬೇಕು: ಚಿತ್ರಕಥೆಗೆ ಡಿವಿಟ್ ಬೋಡೀನ್, ನಿರ್ದೇಶನಕ್ಕೆ ಜಾಕ್ ಟೂರ್ನರ್, ಛಾಯಾಗ್ರಹಣಕ್ಕೆ ನಿಕೋಲಸ್ ಮುಸುರಾಕಾ, ಸಂಕಲನಕ್ಕೆ ಮಾರ್ಕ್ ರಾಬ್ಸನ್. ಹೊಸ ಸೆಟ್ ಹಾಕಲು ಹಣವಿರಲಿಲ್ಲ. ನಾಯಕಿಯ ಮನೆಗೆ ಹತ್ತುವ ಆ ಭವ್ಯ ಮೆಟ್ಟಿಲು ಅದೇ ಸಂಸ್ಥೆಯ ಇನ್ನೊಂದು ದೊಡ್ಡ ಚಿತ್ರಕ್ಕಾಗಿ ಕಟ್ಟಿ ಬಿಟ್ಟಿದ್ದದ್ದು. ಹೆಂಗಸೊಬ್ಬಳು ಮೃಗವಾಗಿ ಬದಲಾಗುವುದನ್ನು ತೆರೆಯ ಮೇಲೆ ತೋರಿಸುವುದು ಈ ಹಣದಲ್ಲಿ ನಡೆಯುವ ಮಾತಲ್ಲ. ತೋರಿಸಿದ್ದರೆ ತುಪ್ಪಳದ ವೇಷ ಹಾಕಿದ ನಟಿಯನ್ನು ನೋಡಿ ನಗುತ್ತಿದ್ದೆವು.

ಬಡತನವೇ ಕಲೆಯನ್ನು ಹುಟ್ಟಿಸಿತು ಎಂದು ಇದನ್ನು ಓದುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದೇ ಕಾಲದಲ್ಲಿ ಅಷ್ಟೇ ಹಣದಲ್ಲಿ ವೇಷ ಹಾಕಿಸಿ ಮಾಡಿದ ಚಿತ್ರಗಳು ಬೇಕಾದಷ್ಟಿವೆ. ಲ್ಯೂಟನ್ ಅವರಿಗೆ ಕತ್ತಲೆಯ ಬಗ್ಗೆ ಒಂದು ನಂಬಿಕೆಯಿತ್ತು. ತೆರೆಯ ಮೇಲೆ ಸಾಕಷ್ಟು ಕತ್ತಲೆಯನ್ನು ಇಟ್ಟರೆ, ಅದರೊಳಗೆ ಏನಿದೆ ಎಂಬುದನ್ನು ನೋಡುಗ ತನ್ನದೇ ಹೆದರಿಕೆಯಿಂದ ತುಂಬಿಕೊಳ್ಳುತ್ತಾನೆ ಎಂದು. ಹಣದ ಕೊರತೆ ಆ ನಂಬಿಕೆಯನ್ನು ಪ್ರಯೋಗಿಸಿ ನೋಡಲು ಒಂದು ಅವಕಾಶವಾಯಿತು, ಅಷ್ಟೇ.

ದಾರಿಗೆ ಬರುವ ಮುಂಚೆ

ಬಸ್ಸಿನ ತುಣುಕನ್ನಷ್ಟೇ ನೋಡಿದವರಿಗೆ ಗೊತ್ತಾಗದ ಸಂಗತಿಯೆಂದರೆ, ಆ ನಡಿಗೆಯ ಹಿಂದೆ ಚಿತ್ರದ ಅರ್ಧಕ್ಕಿಂತ ಹೆಚ್ಚು ಭಾಗದ ಕೂಡಿಕೆ ಇದೆ. ಐರೀನಾ ಸರ್ಬಿಯಾದಿಂದ ನ್ಯೂಯಾರ್ಕಿಗೆ ಬಂದ, ಉಡುಪುಗಳ ಚಿತ್ರ ಬಿಡಿಸುವ ಕಲಾವಿದೆ. ಸಿಮೋನ್ ಸಿಮೋನ್ ಎಂಬ ಫ್ರೆಂಚ್ ನಟಿ ಆ ಪಾತ್ರ ಮಾಡಿದ್ದಾರೆ. ತನ್ನ ಊರಿನ ಹಳೆಯ ಶಾಪ ತನ್ನ ಮೈಯಲ್ಲೂ ಇದೆ, ಮೋಹವೋ ಕೋಪವೋ ಕೆರಳಿದರೆ ತಾನು ಚಿರತೆಯಾಗುತ್ತೇನೆ ಎಂಬ ಭಯ ಅವಳದು. ಆಲಿವರ್‌ನನ್ನು ಪ್ರೀತಿಸಿ ಮದುವೆಯಾದರೂ ಅವನನ್ನು ಹತ್ತಿರ ಸೇರಿಸುವುದಿಲ್ಲ. ಬೇಸತ್ತ ಆಲಿವರ್ ಮನಸ್ಸು ಬಿಚ್ಚಿ ಮಾತಾಡುವುದು ಕಚೇರಿಯ ಸಹೋದ್ಯೋಗಿ ಆಲಿಸ್ ಜೊತೆಗೆ.

ಆಲಿಸ್ ಕೆಟ್ಟವಳಲ್ಲ. ಐರೀನಾಳೂ ಕೆಟ್ಟವಳಲ್ಲ. ಈ ಎರಡು ವಾಕ್ಯಗಳನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಇವೆರಡರಲ್ಲಿ ಯಾವುದನ್ನು ತೆಗೆದರೂ ಮುಂದಿನ ನಡಿಗೆ ಸಪ್ಪೆಯಾಗುತ್ತದೆ. ಹಿಂಬಾಲಿಸುವವಳು ಬರೀ ರಾಕ್ಷಸಿಯಾಗಿದ್ದರೆ ನಮಗಿರುತ್ತಿದ್ದದ್ದು ಆಲಿಸ್ ತಪ್ಪಿಸಿಕೊಳ್ಳುತ್ತಾಳೋ ಇಲ್ಲವೋ ಎಂಬ ಒಂದೇ ಪ್ರಶ್ನೆ. ಈಗ ನಮಗೆ ಎರಡು ಭಯಗಳಿವೆ: ಆಲಿಸ್‌ಗೆ ಏನಾದರೂ ಆಗಿಬಿಟ್ಟರೆ? ಐರೀನಾ ನಿಜವಾಗಿಯೂ ತಾನು ಹೆದರಿದ್ದೇ ಆಗಿಬಿಟ್ಟರೆ?

ಚಿರತೆಯ ಸಾಧ್ಯತೆಯನ್ನು ಚಿತ್ರ ನಮ್ಮ ಮನಸ್ಸಿಗೆ ಇಳಿಸುವುದೂ ಮಾತಿನಿಂದಲ್ಲ. ಗಂಡ ತಂದ ಬೆಕ್ಕಿನ ಮರಿ ಅವಳನ್ನು ಕಂಡೊಡನೆ ಬೆನ್ನು ಬಾಗಿಸಿ ಬುಸುಗುಟ್ಟುತ್ತದೆ. ಅದನ್ನು ಬದಲಿಸಿಕೊಳ್ಳಲು ಸಾಕುಪ್ರಾಣಿಗಳ ಅಂಗಡಿಗೆ ಹೋದರೆ, ಅವಳು ಹೊಸ್ತಿಲು ದಾಟಿದ ಕೂಡಲೇ ಅಲ್ಲಿದ್ದ ಪ್ರಾಣಿ ಪಕ್ಷಿಗಳೆಲ್ಲ ಒಟ್ಟಿಗೆ ಕಿರುಚಾಡತೊಡಗುತ್ತವೆ. ಆ ಕಿರುಚಾಟಕ್ಕೆ ವಿವರಣೆ ಸಿಗುವುದಿಲ್ಲ. ಮನುಷ್ಯರಿಗಿಂತ ಮೊದಲು ಪ್ರಾಣಿಗಳಿಗೆ ತಿಳಿಯುತ್ತದೆ ಎಂಬ ಹಳೆಯ ಅರಿವು ನಮ್ಮೊಳಗೆ ಇದ್ದೇ ಇದೆ. ಚಿತ್ರ ಅದನ್ನು ಮುಟ್ಟಿ ಸುಮ್ಮನಾಗುತ್ತದೆ.

ನಡಿಗೆ

ಉಪಾಹಾರ ಗೃಹದಿಂದ ಹೊರಬಂದ ಆಲಿವರ್ ಮತ್ತು ಆಲಿಸ್ ಬೇರೆ ಬೇರೆ ದಾರಿ ಹಿಡಿಯುತ್ತಾರೆ. ಐರೀನಾ ಅವರನ್ನು ನೋಡಿದ್ದಾಳೆ. ಸೆಂಟ್ರಲ್ ಪಾರ್ಕನ್ನು ಅಡ್ಡವಾಗಿ ದಾಟುವ ರಸ್ತೆ. ಒಂದು ಕಡೆ ಎತ್ತರದ ಕಲ್ಲುಗೋಡೆ, ಅದರ ಮೇಲೆ ಪೊದೆಗಳು. ದೂರ ದೂರಕ್ಕೆ ದೀಪದ ಕಂಬಗಳು, ಪ್ರತಿ ಕಂಬದ ಕೆಳಗೆ ಬೆಳಕಿನ ಒಂದು ಮಡು, ಎರಡು ಮಡುಗಳ ನಡುವೆ ಕತ್ತಲೆ.

ಸಂಗೀತವಿಲ್ಲ. ಇಡೀ ನಡಿಗೆಗೆ ಹಿನ್ನೆಲೆಯಾಗಿ ಇರುವುದು ಹಿಮ್ಮಡಿ ಎತ್ತರಿಸಿದ ಎರಡು ಜೋಡಿ ಬೂಟುಗಳ ಟಕ್ ಟಕ್ ಮಾತ್ರ. ಒಮ್ಮೆ ಆಲಿಸ್‌ಳ ಕಾಲು, ಒಮ್ಮೆ ಐರೀನಾಳ ಕಾಲು. ಒಬ್ಬಳು ಬೆಳಕಿಗೆ ಬಂದು ಕತ್ತಲೆಗೆ ಹೋಗುತ್ತಾಳೆ, ಇನ್ನೊಬ್ಬಳು ಬೆಳಕಿಗೆ ಬಂದು ಕತ್ತಲೆಗೆ ಹೋಗುತ್ತಾಳೆ. ಮತ್ತೆ ಅದೇ. ಇಲ್ಲಿ ಸಂಕಲನಕಾರ ನಮಗೆ ಒಂದು ಲೆಕ್ಕ ಕಲಿಸುತ್ತಿದ್ದಾರೆ: ಇವಳಾದ ಮೇಲೆ ಅವಳು, ಈ ಸದ್ದಾದ ಮೇಲೆ ಆ ಸದ್ದು. ಕಲಿಸುತ್ತಿದ್ದಾರೆಂದು ನಮಗೆ ಗೊತ್ತಾಗುವುದಿಲ್ಲ, ಆದರೆ ಕಿವಿ ಕಲಿತುಬಿಡುತ್ತದೆ.

ಆಮೇಲೆ ಹಿಂದಿನ ಹೆಜ್ಜೆ ನಿಂತುಹೋಗುತ್ತದೆ.

ಬರಬೇಕಾದವಳು ಬರುವುದಿಲ್ಲ. ಆಲಿಸ್ ನಿಲ್ಲುತ್ತಾಳೆ, ತಿರುಗುತ್ತಾಳೆ. ಹಿಂದೆ ಯಾರೂ ಇಲ್ಲ. ವಿಚಾರ ಮಾಡಿದರೆ ಇದು ಸಮಾಧಾನದ ಸುದ್ದಿಯಾಗಬೇಕಿತ್ತು: ಹಿಂಬಾಲಿಸುತ್ತಿದ್ದವಳು ಹೋದಳು. ಆದರೆ ನಮ್ಮ ಎದೆ ಹಾಗೆ ಲೆಕ್ಕ ಹಾಕುವುದಿಲ್ಲ. ಹೆಜ್ಜೆ ಕೇಳುವವರೆಗೆ ಅವಳು ಎಲ್ಲಿದ್ದಾಳೆಂದು ಗೊತ್ತಿತ್ತು. ಅವಳು ಹೆಂಗಸಾಗಿದ್ದಾಳೆ, ಬೂಟು ಹಾಕಿದ್ದಾಳೆ ಎಂಬುದೂ ಗೊತ್ತಿತ್ತು. ಈಗ ಬೂಟಿನ ಸದ್ದಿಲ್ಲ ಎಂದರೆ ಬೂಟು ಹಾಕಿದ ಕಾಲೂ ಇಲ್ಲವೇ? ಬರಿಗಾಲಿನಲ್ಲಿ, ಸದ್ದಿಲ್ಲದೆ ನಡೆಯಬಲ್ಲದ್ದು ಯಾವುದು? ಚಿತ್ರ ಈ ಪ್ರಶ್ನೆ ಕೇಳುವುದಿಲ್ಲ. ನಾವೇ ಕೇಳಿಕೊಳ್ಳುತ್ತೇವೆ, ಉತ್ತರವನ್ನೂ ನಾವೇ ಕೊಟ್ಟುಕೊಳ್ಳುತ್ತೇವೆ. ಒಂದೇ ಒಂದು ಸದ್ದನ್ನು ತೆಗೆದುಹಾಕಿ ಒಂದು ಮೃಗವನ್ನು ಸೃಷ್ಟಿಸಿದ್ದಾರೆ. ಇದಕ್ಕಿಂತ ಮಿತವ್ಯಯದ ರೂಪಾಂತರವನ್ನು ನಾನು ಸಿನಿಮಾದಲ್ಲಿ ಕಂಡಿಲ್ಲ.

ಆಲಿಸ್ ಬಿರಬಿರನೆ ನಡೆಯುತ್ತಾಳೆ, ಓಡುತ್ತಾಳೆ, ದೀಪದ ಕಂಬವನ್ನು ಹಿಡಿದುಕೊಳ್ಳುತ್ತಾಳೆ. ಆಗ ಚಿರತೆ ಹಲ್ಲು ಕಿರಿದಂತೆ ಒಂದು ಬುಸುಗುಡುವ ಆರ್ಭಟ, ಅದರೊಂದಿಗೆ ಚೌಕಟ್ಟಿನ ಅಂಚಿನಿಂದ ಬಸ್ಸು ನುಗ್ಗಿ ನಿಲ್ಲುತ್ತದೆ. ಸದ್ದು ಗಾಳಿ ಬ್ರೇಕಿನದು. ಹತ್ತುವ ಮುಂಚೆ ಅವಳು ಮೇಲೆ ನೋಡಿದರೆ ಗೋಡೆಯ ಮೇಲಿನ ಪೊದೆಗಳು ಅಲುಗಾಡುತ್ತಿವೆ.

ಮೂರು ರೀತಿಯಲ್ಲಿ ನೋಡಿದ್ದು

ನನ್ನ ಅಭಿಪ್ರಾಯವನ್ನು ಪರೀಕ್ಷೆಗೆ ಒಡ್ಡಲು ಈ ದೃಶ್ಯವನ್ನು ಬೇರೆ ಬೇರೆ ಬಗೆಯಲ್ಲಿ ನೋಡಿದೆ. ಯಾರು ಬೇಕಾದರೂ ಇದನ್ನು ಮನೆಯಲ್ಲೇ ಮಾಡಿ ನೋಡಬಹುದು.

ಮೊದಲು ಬಸ್ಸು ಬರುವುದಕ್ಕೆ ಹತ್ತು ಸೆಕೆಂಡ್ ಮುಂಚಿನಿಂದ ಮಾತ್ರ. ಬೆಚ್ಚಿದೆ. ಮರುಕ್ಷಣ ಏನೂ ಉಳಿಯಲಿಲ್ಲ. ಬಾಗಿಲು ಬಡಿದಾಗ ಬೆಚ್ಚಿ ಮತ್ತೆ ಕೆಲಸಕ್ಕೆ ಕೂತಂತೆ. ಎರಡನೆಯದು, ಧ್ವನಿಯನ್ನು ಪೂರ್ತಿ ತೆಗೆದು, ನಡಿಗೆಯ ಆರಂಭದಿಂದ. ಚಿತ್ರಗಳು ಸುಂದರವಾಗಿವೆ, ಮುಸುರಾಕಾ ಅವರ ಬೆಳಕು ಕಣ್ಣಿಗೆ ಹಬ್ಬ. ಆದರೆ ಹೆಜ್ಜೆ ನಿಂತದ್ದೇ ತಿಳಿಯಲಿಲ್ಲ, ಬಸ್ಸು ಬಂದಾಗ ಬಸ್ಸು ಬಂತು ಅನ್ನಿಸಿತು. ಮೂರನೆಯದು, ರಾತ್ರಿ ದೀಪ ಆರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ. ಎರಡು ಹೆಜ್ಜೆಗಳು. ಆಮೇಲೆ ಒಂದೇ. ಆ ಒಂದೇ ಹೆಜ್ಜೆ ಕೇಳತೊಡಗಿದಾಗ ನನ್ನ ಉಸಿರು ತಾನಾಗಿ ಸಣ್ಣದಾಗಿತ್ತು, ನಾನು ಇನ್ನೊಂದು ಹೆಜ್ಜೆಗಾಗಿ ಕಿವಿ ನಿಮಿರಿಸಿ ಕಾಯುತ್ತಿದ್ದೆ. ಬಸ್ಸು ಯಾವಾಗ ಬರುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಎದೆ ಧಸಕ್ಕೆಂದಿತು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಈ ಚಿತ್ರವನ್ನು ಮೊದಲ ಸಲ ಮಧ್ಯಾಹ್ನದ ಬೆಳಕಿನಲ್ಲಿ, ಸಣ್ಣ ಪರದೆಯ ಮೇಲೆ, ಪಕ್ಕದಲ್ಲಿ ಮೊಬೈಲ್ ಇಟ್ಟುಕೊಂಡು ನೋಡಿದಾಗ ನನಗೆ ಏನೂ ಆಗಿರಲಿಲ್ಲ. ಹಳೆಯ ಕಾಲದವರು ಮುಗ್ಧರು, ಇಷ್ಟಕ್ಕೇ ಹೆದರುತ್ತಿದ್ದರು ಎಂದುಕೊಂಡು ಮರೆತುಬಿಟ್ಟಿದ್ದೆ. ತಪ್ಪು ನನ್ನದಾಗಿತ್ತು. ಮೌನದಿಂದ ಕಟ್ಟಿದ ದೃಶ್ಯಕ್ಕೆ ಮೌನವಿರುವ ಕೋಣೆ ಬೇಕು. ಫ್ಯಾನಿನ ಗುಂಯ್‌ಗುಡುವಿಕೆಯಲ್ಲಿ ನಿಂತುಹೋದ ಹೆಜ್ಜೆ ಎಲ್ಲಿ ಕೇಳಬೇಕು?

ಭಯವೂ ತ್ರಾಸವೂ

ಈ ಪ್ರಯೋಗಗಳು ತೋರಿಸಿದ ವ್ಯತ್ಯಾಸಕ್ಕೆ ನಮ್ಮ ಕಾವ್ಯಮೀಮಾಂಸೆಯಲ್ಲಿ ಆಗಲೇ ಹೆಸರಿದೆ. ಭರತನ ನಾಟ್ಯಶಾಸ್ತ್ರದಲ್ಲಿ ಭಯಾನಕ ರಸದ ಸ್ಥಾಯಿಭಾವ, ಅಂದರೆ ನೆಲೆ ನಿಲ್ಲುವ ಭಾವ, ಭಯ. ಆದರೆ ಬಂದು ಹೋಗುವ ಮೂವತ್ತಮೂರು ವ್ಯಭಿಚಾರಿ ಭಾವಗಳ ಪಟ್ಟಿಯಲ್ಲಿ ‘ತ್ರಾಸ’ ಎಂಬುದು ಬೇರೆಯೇ ಇದೆ. ಇಂದು ಆ ಪದವನ್ನು ನಾವು ತೊಂದರೆ ಎಂಬ ಅರ್ಥದಲ್ಲಿ ಬಳಸುತ್ತೇವೆ. ಅಲ್ಲಿ ಅದು ಸಿಡಿಲು, ಮಿಂಚು, ಉಲ್ಕೆಗಳಂಥವು ಹುಟ್ಟಿಸುವ ಥಟ್ಟನೆಯ ಬೆಚ್ಚು. ಭಯ ನೆಲೆ ನಿಲ್ಲುತ್ತದೆ, ತ್ರಾಸ ಅದರ ಮೇಲೆ ಅಲೆಯಂತೆ ಎದ್ದು ಇಳಿಯುತ್ತದೆ. ಭಯಾನಕ ರಸದ ಕಾರಣಗಳಲ್ಲಿ ಪಾಳು ಮನೆಯೂ ಇದೆ, ಅರಣ್ಯವೂ ಇದೆ. ಅಲ್ಲಿ ಯಾರೂ ಕಾಣಬೇಕೆಂದಿಲ್ಲ, ಬರಿದಾಗಿರುವುದೇ ಸಾಕು.

ದೇಹಶಾಸ್ತ್ರ ಹೇಳುವುದೂ ಇದಕ್ಕೆ ಹತ್ತಿರವಾಗಿದೆ. ಹಠಾತ್ತಾದ ಜೋರು ಸದ್ದಿಗೆ ಕಣ್ಣು ಮುಚ್ಚಿಕೊಳ್ಳುತ್ತದೆ, ಕತ್ತು ಮತ್ತು ಹೆಗಲಿನ ಸ್ನಾಯುಗಳು ಬಿಗಿಯುತ್ತವೆ. ಇದು ಬುದ್ಧಿಗೆ ವಿಷಯ ತಲುಪುವುದಕ್ಕೂ ಮುಂಚೆ ನಡೆಯುವ ಪ್ರತಿವರ್ತನೆ, ಹಸುಗೂಸಿನಲ್ಲೂ ಕಾಣುತ್ತದೆ. ಹಾಗಾಗಿ ಬೆಚ್ಚಿಬೀಳಿಸುವುದು ಯಾರ ಕೈಲಾದರೂ ಆಗುವ ಕೆಲಸ. ಅದಕ್ಕೆ ಕಥೆ ಬೇಡ, ನಟನೆ ಬೇಡ, ಧ್ವನಿಯ ಮಟ್ಟ ಏರಿಸುವ ಒಂದು ಗುಂಡಿ ಸಾಕು. ಅದೇ ಸದ್ದು ಮತ್ತೆ ಮತ್ತೆ ಬಂದರೆ ದೇಹ ಒಗ್ಗಿಕೊಳ್ಳುತ್ತದೆ, ಬೆಚ್ಚು ಮೊಂಡಾಗುತ್ತದೆ. ಆದರೆ ಒಬ್ಬ ವ್ಯಕ್ತಿ ಮೊದಲೇ ಆತಂಕದಲ್ಲಿದ್ದರೆ, ಅಷ್ಟೇ ಸದ್ದಿಗೆ ಅವನ ಬೆಚ್ಚು ದೊಡ್ಡದಾಗಿರುತ್ತದೆ. ಕತ್ತಲೆಯೂ ಅದನ್ನು ಹಿಗ್ಗಿಸುತ್ತದೆ. ಬಸ್ಸಿನ ಬಲ ಬಸ್ಸಿನಲ್ಲಿಲ್ಲ ಎಂದು ನಾನು ಹೇಳುವುದು ಈ ಅರ್ಥದಲ್ಲಿ. ನಡಿಗೆ ಕೂಡಿಟ್ಟದ್ದನ್ನು ಬಸ್ಸು ಒಂದೇ ಏಟಿಗೆ ಖರ್ಚು ಮಾಡುತ್ತದೆ. ಕೂಡಿಡದೆ ಖರ್ಚು ಮಾಡಹೊರಟ ಚಿತ್ರಗಳು ಅರ್ಧ ದಾರಿಯಲ್ಲೇ ಬರಿಗೈಯಾಗುತ್ತವೆ.

ಸಂಗೀತದ ಗೈರುಹಾಜರಿಯನ್ನೂ ಇಲ್ಲೇ ಹೇಳಿಬಿಡಬೇಕು. ಇಂದಿನ ಎಷ್ಟೋ ಚಿತ್ರಗಳಲ್ಲಿ ಪಿಟೀಲುಗಳು ಏರುತ್ತಾ ಹೋಗಿ ಥಟ್ಟನೆ ನಿಂತರೆ, ಎರಡು ಮೂರು ಸೆಕೆಂಡಿನಲ್ಲಿ ಏನೋ ಹಾರಿಬರುತ್ತದೆಂದು ಎಲ್ಲರಿಗೂ ಗೊತ್ತು. ಮುಖಕ್ಕೆ ಕೈ ಅಡ್ಡ ಹಿಡಿದು ಸಿದ್ಧರಾಗುತ್ತೇವೆ. ಹೆದರಬೇಕಾದ ಕ್ಷಣವನ್ನು ಸಂಗೀತವೇ ಸಾರಿದರೆ ಉಳಿದ ಕ್ಷಣಗಳೆಲ್ಲ ಸುರಕ್ಷಿತವೆಂದು ತಾನಾಗಿ ಸಾರಿದಂತಾಯಿತು. ಈ ನಡಿಗೆಯಲ್ಲಿ ಅಂಥ ಯಾವ ಸುಳಿವೂ ಇಲ್ಲ. ಯಾವ ಕ್ಷಣ ಬೇಕಾದರೂ ಆ ಕ್ಷಣವಾಗಬಹುದು.

ಅದೇ ಚಿತ್ರದ ಇನ್ನೆರಡು ಎಡೆಗಳು

ತೂಗಿ ನೋಡಲು ಹೊರಗಿನ ಚಿತ್ರ ಬೇಕಿಲ್ಲ. ಮುಂದೆ ಆಲಿಸ್ ನೆಲಮಾಳಿಗೆಯ ಈಜುಕೊಳದಲ್ಲಿ ಒಬ್ಬಳೇ ಸಿಕ್ಕಿಕೊಳ್ಳುವ ದೃಶ್ಯವಿದೆ. ನೀರಿನ ಬೆಳಕು ಗೋಡೆ, ಚಾವಣಿಗಳ ಮೇಲೆ ನಡುಗುತ್ತದೆ, ಎಲ್ಲೋ ಗುರುಗುಡುವ ಸದ್ದು ಮಾರ್ದನಿಗೊಳ್ಳುತ್ತದೆ, ನೆರಳೊಂದು ಸರಿದಾಡುತ್ತದೆ. ಆ ನೆರಳು ದೀಪದ ಮುಂದೆ ಹಿಡಿದ ತಮ್ಮ ಮುಷ್ಟಿಯದು ಎಂದು ಟೂರ್ನರ್ ಆಮೇಲೆ ಹೇಳಿಕೊಂಡರು. ಮುಷ್ಟಿಯ ನೆರಳಿನಲ್ಲಿ ನಾವು ಚಿರತೆಯನ್ನು ಕಾಣುತ್ತೇವೆ. ಹಗ್ಗದಲ್ಲಿ ಹಾವನ್ನು ಕಂಡವನ ಹಾಗೆ. ಆದರೆ ಹಗ್ಗದ ಮಾತಿನಲ್ಲಿ ದೀಪ ತಂದರೆ ಭ್ರಮೆ ಹರಿಯುತ್ತದೆ. ಇಲ್ಲಿ ದೀಪ ಹಾಕಿದಾಗ ಕಾಣುವುದು ಐರೀನಾಳ ಮುಗುಳ್ನಗೆ, ಆಮೇಲೆ ಆಲಿಸ್‌ಳ ಚಿಂದಿಯಾದ ನಿಲುವಂಗಿ.

ಇನ್ನೊಂದು, ಕಚೇರಿಯ ದೃಶ್ಯ. ಅಲ್ಲಿ ಚಿರತೆಯನ್ನು ತೋರಿಸಲೇಬೇಕೆಂದು ಸಂಸ್ಥೆ ಪಟ್ಟು ಹಿಡಿಯಿತು. ಟೂರ್ನರ್ ತಮ್ಮಿಂದಾದಷ್ಟು ಅದನ್ನು ನೆರಳಿಗೆ ತಳ್ಳಿದ್ದಾರೆ. ಬೆಳಕು ಬರುವುದು ನಕ್ಷೆ ಬಿಡಿಸುವ ಮೇಜುಗಳ ಕೆಳಗಿನಿಂದ, ಕರಿಯ ಮೈ ಕತ್ತಲಲ್ಲಿ ಸುಳಿಯುತ್ತದೆ. ಅಚ್ಚುಕಟ್ಟಾದ ಚಿತ್ರೀಕರಣವೇ. ಆದರೂ ಚಿರತೆ ಕಂಡ ಗಳಿಗೆಯಲ್ಲಿ ನನ್ನ ಭಯ ತನ್ನ ಅಳತೆಯನ್ನು ಪಡೆದುಬಿಡುತ್ತದೆ. ಅದು ಇಷ್ಟು ಉದ್ದ, ಇಷ್ಟು ಎತ್ತರ, ಅಲ್ಲಿ ಮೇಜಿನ ಆಚೆಗಿದೆ, ಈಚೆಗೆ ಬಾಗಿಲಿದೆ. ಓಡಬಹುದು. ಗೋಡೆಯ ಮೇಲಿನ ಪೊದೆಯಲ್ಲಿದ್ದದ್ದಕ್ಕೆ ಅಳತೆಯಿರಲಿಲ್ಲ.

ಇದರಿಂದ ತೋರಿಸುವುದೇ ತಪ್ಪು ಎಂಬ ಸೂತ್ರ ಮಾಡುವಂತಿಲ್ಲ. ಕಣ್ಣಿಗೆ ರಾಚುವಂತೆ ತೋರಿಸಿಯೇ ಆಳವಾಗಿ ಕಾಡುವ ಚಿತ್ರಗಳಿವೆ, ಅವುಗಳ ದಾರಿ ಬೇರೆ: ದೇಹ ಕೊಳೆಯುವ, ಸೀಳುವ ಭಯಕ್ಕೆ ಕಾಣುವುದೇ ಮುಖ್ಯ. ಈ ಪ್ರಕರಣ ಹೇಳುವುದು ಒಂದು ಬಗೆಯ ಭಯದ ಬಗ್ಗೆ, ನೋಡುಗನನ್ನು ಕೆಲಸಕ್ಕೆ ಹಚ್ಚುವ ಭಯದ ಬಗ್ಗೆ. ನನಗೆ ವೈಯಕ್ತಿಕವಾಗಿ ಅದೇ ಹೆಚ್ಚು ಕಾಲ ಬಾಳುತ್ತದೆ ಅನ್ನಿಸುತ್ತದೆ, ಏಕೆಂದರೆ ಆ ಮೃಗವನ್ನು ಮಾಡಿದವನು ನಾನೇ. ಚಿತ್ರ ಮುಗಿದ ಮೇಲೂ ಅದು ನನ್ನ ಬಳಿಯೇ ಉಳಿಯುತ್ತದೆ.

ಬಸ್ಸು ಹೋದ ಮೇಲೆ

ಬಸ್ಸಿನ ಸಂತಾನ ಮರೆತ ಇನ್ನೊಂದು ಭಾಗ ಇದು. ಸಾಮಾನ್ಯ ಚಿತ್ರದಲ್ಲಿ ಬೆಚ್ಚಿದ ಮೇಲೆ ನಿಟ್ಟುಸಿರು: ‘ಓ, ಬರೀ ಬೆಕ್ಕು’. ಲೆಕ್ಕ ಚುಕ್ತಾ. ಇಲ್ಲಿ ಆಲಿಸ್‌ಗೆ ನಿಟ್ಟುಸಿರು ಸಿಗುತ್ತದೆ, ನಮಗೆ ಸಿಗುವುದಿಲ್ಲ. ಬಸ್ಸು ಹೊರಟುಹೋಗುತ್ತದೆ, ನಾವು ಅಲ್ಲೇ ಉಳಿಯುತ್ತೇವೆ. ಕಾವಲುಗಾರ ಲಾಟೀನು ಹಿಡಿದು ಬಂದು ನೋಡಿದರೆ ಕುರಿಗಳು ಸತ್ತು ಬಿದ್ದಿವೆ. ಹಸಿ ಮಣ್ಣಿನಲ್ಲಿ ಪಂಜದ ಗುರುತುಗಳು. ಕ್ಯಾಮೆರಾ ಅವುಗಳ ಜಾಡು ಹಿಡಿದು ಸಾಗುತ್ತದೆ, ಸಾಗುತ್ತಾ ಸಾಗುತ್ತಾ ಪಂಜದ ಗುರುತು ಹೆಂಗಸಿನ ಬೂಟಿನ ಗುರುತಾಗುತ್ತದೆ. ನಿಂತುಹೋಗಿದ್ದ ಆ ಟಕ್ ಟಕ್ ಮತ್ತೆ ಕೇಳಿಸುತ್ತದೆ. ಇಷ್ಟು ಹೊತ್ತು ನಾವು ಕಾಯುತ್ತಿದ್ದದ್ದು ಆ ಸದ್ದಿಗಾಗಿಯೇ, ಮತ್ತು ಈಗ ಅದು ಬಂದದ್ದರಿಂದ ಸಮಾಧಾನವೇನೂ ಆಗುವುದಿಲ್ಲ.

ಐರೀನಾ ಕೈವಸ್ತ್ರದಿಂದ ಬಾಯಿ ಒರೆಸಿಕೊಳ್ಳುತ್ತಾ ಮನೆಗೆ ಹೋಗುತ್ತಾಳೆ. ಗಂಡ ಏನೋ ಕೇಳುತ್ತಾನೆ, ಅವಳು ಉತ್ತರಿಸದೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಮುಂದಿನ ಚಿತ್ರಿಕೆಯಲ್ಲಿ ಅವಳು ಸ್ನಾನದ ತೊಟ್ಟಿಯಲ್ಲಿ ಕುಳಿತಿದ್ದಾಳೆ. ನಮಗೆ ಕಾಣುವುದು ಬಾಗಿದ ಒದ್ದೆ ಬೆನ್ನು, ತೊಟ್ಟಿಯ ಕೆಳಗೆ ಉಗುರುಳ್ಳ ಪಂಜಗಳ ಆಕಾರದ ಕಾಲುಗಳು. ಅವಳು ಅಳುತ್ತಿದ್ದಾಳೆ.